ಹದಿನೇಳನೆಯ ಗೂಟ

ಐದು ಕಂಪನಿಗಳಿಂದ ಐದು ಪಟ್ಟಿ ಬಂದಿವೆ.
ಒಂದರಲ್ಲಿ ನತ್ತಿಂಗ ಒಂದು ಹಕ್ಕಿ,
ಇನ್ನೊಂದರಲ್ಲಿ ನಾಲ್ಕಕ್ಷರದ ಸಂಕೇತ,
ಮೂರನೆಯದರಲ್ಲಿ ಬರೀ 'ಇತರೆ'.
ಇವನ್ನೆಲ್ಲ ಒಂದೇ ದಾರಕ್ಕೆ ಪೋಣಿಸುವುದು ನನ್ನ ಕೆಲಸ.
ಸಂಬಳದ ಚೀಟಿಯಲ್ಲಿ ಅದರ ಹೆಸರು ಸಮನ್ವಯ.
ಮಗಳು ಕೇಳಿದರೆ
ಜಗಳ ಬಿಡಿಸೋದು ಅನ್ನುತ್ತೇನೆ.

ಹೊರಗೆ ಮೈನಸ್ ಮೂವತ್ತೊಂದು.
ಅಥಾಬಾಸ್ಕಾ ನದಿ ಹೆಪ್ಪುಗಟ್ಟಿ ರಸ್ತೆಯಾಗಿ
ಮೈಮೇಲೆ ಲಾರಿ ಓಡಿಸಿಕೊಳ್ಳುತ್ತಿದೆ.
ಒಳಗೆ ನಾನು
ಹೆಡ್‌ಫೋನ್ ಹಾಕಿ ಕೂತು ಜೂನ್ ತಿಂಗಳನ್ನು ಕೇಳುತ್ತಿದ್ದೇನೆ.
ಮರಕ್ಕೆ ಕಟ್ಟಿದ ಪೆಟ್ಟಿಗೆಗಳು ಕೂಡಿಟ್ಟ ಜೂನ್:
ಸೊಳ್ಳೆ, ಗಾಳಿ, ಸ್ಪ್ರೂಸ್ ಮರದ ನರಳಿಕೆ,
ಎರಡು ನಿಮಿಷಕ್ಕೊಮ್ಮೆ ಢಂ.
ಕೊಳದ ಎಣ್ಣೆನೀರಿಗೆ ಬಾತುಗಳು ಇಳಿಯದಿರಲೆಂದು
ಗದರಿಸುವ ಗ್ಯಾಸಿನ ಫಿರಂಗಿ ಅದು.
ದಯೆಗೂ ಇಂಥ ಗಂಟಲು.
ಢಂ ಆದಮೇಲೆ ಕಾಡು ಏಳು ಸೆಕೆಂಡು ಉಸಿರು ಹಿಡಿಯುತ್ತದೆ,
ಎಣಿಸಿದ್ದೇನೆ.
ಆ ಏಳು ಸೆಕೆಂಡಿಗೆ ಯಾರ ಪಟ್ಟಿಯಲ್ಲೂ ಕಾಲಂ ಇಲ್ಲ.

ಕಳೆದ ಸಭೆ ಮುರಿದದ್ದು ಒಂದು ಸೊನ್ನೆಗೆ.
ಒಬ್ಬರು ಸೊನ್ನೆ ಬರೆಯುವಲ್ಲಿ ಇನ್ನೊಬ್ಬರು ಖಾಲಿ ಬಿಡುತ್ತಾರೆ.
ಸೊನ್ನೆ ಅಂದರೆ ಹೋದೆವು, ಕಾದೆವು, ಅದು ಬರಲಿಲ್ಲ;
ಖಾಲಿ ಅಂದರೆ ನಾವೇ ಹೋಗಲಿಲ್ಲ,
ಎಂದೆ.
ಗ್ರಾಫಿನಲ್ಲಿ ಎರಡೂ ಒಂದೇ ಥರ ಕಾಣುತ್ತಲ್ಲ,
ಎಂದಳು ಮಾರ್ನಿ, ಬಿಸ್ಕತ್ತು ಅದ್ದುತ್ತ.
ಕೆಟ್ಟವಳಲ್ಲ. ಅವಳಿಗೂ ಮಾರ್ಚಿಗೆ ವರದಿ ಕೊಡಬೇಕು.

ಹದಿನೇಳನೆಯ ಗೂಟ ನಿಂತಿರುವುದು
ಎರಡು ಗುತ್ತಿಗೆಗಳ ಗಡಿಗೆರೆ ತುಳಿದು.
ಇತ್ತಲಿನವರು ಅತ್ತಲಿನವರದೆಂದರು,
ಅತ್ತಲಿನವರು ಇತ್ತಲಿನವರದೆಂದರು;
ಎರಡು ಮನೆಯವರು ಕರೆದ ನೆಂಟನ ಹಾಗೆ
ಆ ಜೌಗು ನಾಲ್ಕು ವರ್ಷ ಉಪವಾಸ ಕೂತಿತು.
ಅದರ ನಡುವೆಯೇ ಹಾಯುತ್ತದೆ
ಎಡ್ವಿಜ್ ಟುಕ್ಕಾರೊಳ ಅಜ್ಜನ ಬಲೆದಾರಿ.
ಎಪ್ಪತ್ತೆರಡರ ಮುದುಕಿ ಸಭೆಯಲ್ಲಿ ಮಾತಾಡುವವಳಲ್ಲ.
ಮೇ ತಿಂಗಳಲ್ಲಿ ಬಂದು
ಹೆಚ್ಚಿಗೆ ಪೆಟ್ಟಿಗೆ ಇದೆಯಾ ಅಂದಳು,
ರಸೀದಿಗೆ ಸಹಿ ಹಾಕಿ ಒಯ್ದಳು.

ಇವತ್ತು ಅದು ನನ್ನ ಕಿವಿಯಲ್ಲಿದೆ.
ಜೂನ್ ಒಂಬತ್ತು, ರಾತ್ರಿ ಹನ್ನೊಂದು ನಲವತ್ತು,
ಅಲ್ಲಿನ್ನೂ ಮಬ್ಬು ಬೆಳಕಿನ ಹೊತ್ತು.
ನೀರಲ್ಲಿ ಬೂಟು. ಒಂದು ಕೆಮ್ಮು.
ಆಮೇಲೆ ಡೆನೆ ಭಾಷೆಯಲ್ಲಿ ತಗ್ಗಿದ ದನಿ, ನಾಲ್ಕು ನಿಮಿಷ.
ತಂತ್ರಾಂಶ ಗುರುತು ಹಾಕಿದೆ:
'ತಿಳಿಯದ ಜೀವಿ, ಒಂದು.'
ಮುಂದೆ, ಎತ್ತರದಿಂದ ಕಲ್ಲಿನಂತೆ ಬಿದ್ದು
ನೆಲ ಮುಟ್ಟುವ ಮುನ್ನ ರೆಕ್ಕೆ ತಿರುಚಿ ಮೇಲೆದ್ದ
ಗಂಡು ನತ್ತಿಂಗದ ಆ ಗುಂಯ್.
ತಂತ್ರಾಂಶ: 'ಯಂತ್ರದ ಸದ್ದು. ಬಹುಶಃ ಲಾರಿ.'

ಫೋನ್ ಮಾಡಿದೆ.
ಹಕ್ಕಿಗೆ ಏನು ಹೇಳುತ್ತಿದ್ದಿರಿ ಅಂದೆ.
"ಹಕ್ಕಿಗಲ್ಲ, ಪೆಟ್ಟಿಗೆಗೆ.
ಇಲ್ಲಿ ನಮ್ಮ ಚಿಕ್ಕಮ್ಮ ಕ್ರ್ಯಾನ್‌ಬೆರಿ ಆಯುತ್ತಿದ್ದಳು,
ಅಗೋ ಅಲ್ಲಿ ನೆಲಗಪ್ಪೆಗಳು ರಾತ್ರಿಯೆಲ್ಲ ಕೂಗಿ
ನಿದ್ದೆ ಹಾಳು ಮಾಡುತ್ತಿದ್ದವು.
ಇವತ್ತು ಬೆಳಗಿನತನಕ ಕೂತಿರುತ್ತೇನೆ,
ಕೂಗಿದರೆ ಬರೆದುಕೋ ಅಂದೆ."
ಸ್ವಲ್ಪ ಹೊತ್ತು ಒಲೆಯ ಸದ್ದು.
"ಬರೆದುಕೊಂಡಿತಾ?"

ಬೆಳಗಿನತನಕ ಕೇಳಿದೆ. ಕೂಗಲಿಲ್ಲ.
ಅವಳು ಎರಡು ಸಲ ಕೆಮ್ಮಿದಳು,
ಫಿರಂಗಿ ನೂರಾ ಹದಿಮೂರು ಸಲ.

ಆರನೆಯ ಪಟ್ಟಿಯೊಂದನ್ನು ತೆರೆದಿದ್ದೇನೆ.
ಗೂಟ ಹದಿನೇಳು. ನತ್ತಿಂಗ: ಒಂದು.
ನೆಲಗಪ್ಪೆಯ ಎದುರು ನಾಲ್ಕು ವರ್ಷದಿಂದ ಖಾಲಿಯಿದ್ದ ಮನೆಗೆ
ಸೊನ್ನೆ ಒತ್ತುತ್ತೇನೆ.
ನೋಡಿದವರು ಎಂಬಲ್ಲಿ ಅವಳ ಹೆಸರು.

ಸೋಮವಾರ ಮಾರ್ನಿ ಫೋನ್ ಮಾಡುತ್ತಾಳೆ:
ಈ ಆರನೆಯದು ಯಾವ ಕಂಪನಿ?