ಹಣೆ, ಕೆನ್ನೆ, ಗದ್ದ

ಹಲ್ಲಲ್ಲಿ ದಾರ ಕಚ್ಚಿ ಬಗ್ಗಿದರೆ
ಮುಖ ಎಷ್ಟು ಹತ್ತಿರ ಬರುತ್ತದೆಂದರೆ
ಅವರವರ ಅಮ್ಮಂದಿರೂ ಇಷ್ಟು ಹತ್ತಿರದಿಂದ
ನೋಡಿರಲಿಕ್ಕಿಲ್ಲ, ತೊಟ್ಟಿಲು ಬಿಟ್ಟ ಮೇಲೆ.

ಕಾಮಾಕ್ಷಿಪಾಳ್ಯ, ಹಿಟ್ಟಿನ ಗಿರಣಿಯ ಮೇಲ್ಮಹಡಿ.
ಕೆಳಗೆ ರಾಗಿ ಬೀಸುವ ಸದ್ದು,
ಮೇಲೆ ನನ್ನ ಎರಡು ಕುರ್ಚಿ, ಬಿರುಕು ಬಿಟ್ಟ ಕನ್ನಡಿ.
ಭಾನುವಾರ ಗಾರ್ಮೆಂಟ್ಸ್ ಹುಡುಗಿಯರ ದಿನ.
‘ಅಕ್ಕಾ, ಇದು ಯಾಕೆ ಹಿಂಗೆ?’

ಕಣ್ಣು ಬಿದ್ದಿದೆ ಅನ್ನುತ್ತಾಳೆ ಅಜ್ಜಿ.
ಯಾರ ಮೇಲೋ ಮನಸ್ಸಾಗಿದೆ ಅನ್ನುತ್ತಾಳೆ ಪಕ್ಕದ ಮಷಿನ್ನಿನವಳು.
ಕಡಲೆಕಾಯಿ ತಿಂದೆ, ಮಾವಿನಹಣ್ಣು ತಿಂದೆ, ಉಷ್ಣ, ಅನ್ನುತ್ತದೆ ಊರೆಲ್ಲ.
ನಾನೂ ಹಾಗೇ ಹೇಳುತ್ತಿದ್ದೆ.
ಹೇಳಿ, ಮುಲ್ತಾನಿ ಮಿಟ್ಟಿ ಬಳಿದು,
ಎಂಬತ್ತು ರೂಪಾಯಿ ಡಬ್ಬಿಗೆ ಹಾಕುತ್ತಿದ್ದೆ.

ರತ್ನಮಾಲಳಿಗೆ ನಿಶ್ಚಿತಾರ್ಥ ಹತ್ತಿರವಿತ್ತು.
ಮೂಲೆಯ ಮೆಡಿಕಲ್ಸ್‌ನವನು ಚೀಟಿ ಕೇಳದೆ ಕೊಡುವ
ಬಿಳಿ ಟ್ಯೂಬು, ನಾನೇ ತರಿಸಿಕೊಟ್ಟೆ.
ಹತ್ತು ದಿನಕ್ಕೆ ಮುಖ ಬೆಳಗಿದ ಹಿತ್ತಾಳೆ.
ಎರಡು ತಿಂಗಳಿಗೆ ಹಣೆಯಿಂದ ಗದ್ದದವರೆಗೆ ಕೆಂಪು ಗುಳ್ಳೆ,
ಎಲ್ಲವೂ ಒಂದೇ ಅಳತೆ,
ಕೆಳಗಿನ ಗಿರಣಿಯಲ್ಲಿ ಜರಡಿ ಹಿಡಿದ ಹಾಗೆ.
ಬಿಸಿಲಿಗೆ ಬಂದರೆ ಉರಿ, ಹಚ್ಚದಿದ್ದರೆ ಇನ್ನೂ ಉರಿ.

ಬೌರಿಂಗ್ ಆಸ್ಪತ್ರೆ. ಅರ್ಧ ದಿನದ ಸಂಬಳ ಅವಳದು,
ಅರ್ಧ ದಿನದ ಅಂಗಡಿ ನನ್ನದು.
ಡಾಕ್ಟರಮ್ಮನಿಗೆ ಕೆಮ್ಮು. ಚೀಟಿಯ ಹಿಂದೆ ಪೆನ್ನಲ್ಲಿ ಬರೆದರು:
ಕೂದಲಿಗೊಂದು ಬಾವಿ, ಬಾವಿಗೊಂದು ಎಣ್ಣೆಗಾಣ.
ಹರೆಯಕ್ಕೆ ಗಾಣ ಜೋರು ತಿರುಗುತ್ತದೆ,
ಸತ್ತ ಚರ್ಮ ಬಾಯಿಗೆ ಬಿರಡೆಯಾಗುತ್ತದೆ.
ಬಾಯಿ ಮುಚ್ಚಿದರೆ ಬಿಳಿ, ಅಕ್ಕಿನುಚ್ಚಿನಷ್ಟು.
ತೆರೆದಿದ್ದರೆ ಕಪ್ಪು. ‘ಕೊಳೆ ಅಲ್ಲಮ್ಮ ಅದು,
ಗಾಳಿ ತಾಗಿದ ಬಣ್ಣ. ಹೆಚ್ಚಿಟ್ಟ ಬದನೆಕಾಯಿ ನೋಡಿಲ್ವಾ?’
ಒಳಗೆ ಸಿಕ್ಕಿದ್ದು ಕೆರಳಿದರೆ ಕೆಂಪು, ಆಮೇಲೆ ಕೀವು.
ಬಾವಿಯ ಗೋಡೆಯೇ ಒಡೆದರೆ ಆಳದಲ್ಲಿ ಗಂಟು,
ಗಂಟು ಹೋಗುವಾಗ
ಗುಳಿ ಬಿಟ್ಟು ಹೋಗುತ್ತದೆ.

ಅಲ್ಲಿಯವರೆಗೆ ಪೆನ್ನು ನೋಡುತ್ತಿದ್ದವಳು
ನನ್ನ ಕೆನ್ನೆ ಮುಟ್ಟಿಕೊಂಡೆ.
ಹದಿನಾರರಲ್ಲಿ ಸೇಫ್ಟಿ ಪಿನ್ನನ್ನು ದೀಪಕ್ಕೆ ಹಿಡಿದು
ಒಂದೊಂದನ್ನೇ ಚುಚ್ಚಿದವಳು ನಾನು.
ಇನ್ನೊಬ್ಬರ ಮುಖವನ್ನೇ ದಿನವಿಡೀ ನೋಡುವ ಕಸುಬು
ಅದಕ್ಕೇ ಹಿಡಿದೆನೇನೋ.

‘ಈ ಟ್ಯೂಬು ಯಾರು ಕೊಟ್ಟಿದ್ದು?’
ರತ್ನಮಾಲ ನನ್ನ ಕಡೆ ನೋಡಿದಳು, ಆಮೇಲೆ ಫ್ಯಾನಿನ ಕಡೆ.
‘ಮೆಡಿಕಲ್ಸ್‌ನವರು, ಮೇಡಂ.’
ವಾಪಸು ಬಸ್ಸಿನಲ್ಲಿ, ಮೆಜೆಸ್ಟಿಕ್ ದಾಟುವವರೆಗೂ,
ನಾವಿಬ್ಬರೂ ಮಾತಾಡಲಿಲ್ಲ.
ಅವಳೇ ಟಿಕೆಟ್ಟು ತೆಗೆಸಿದಳು.

ಈಗ ನಾನು ಕೇಳುತ್ತೇನೆ.
ಗದ್ದದ ಅಂಚಿನಲ್ಲೇ ಗಂಟು ಕಟ್ಟಿದವಳಿಗೆ:
‘ಮುಟ್ಟು ತಿಂಗಳಿಗೆ ಸರಿಯಾಗಿ ಆಗ್ತಿದೆಯಾ?’
ಅವಳು ಕನ್ನಡಿ ಬಿಟ್ಟು ನೆಲ ನೋಡುತ್ತಾಳೆ, ನಾನು ಕಾಯುತ್ತೇನೆ.
ಹಣೆ ತುಂಬ ಸಣ್ಣ ಕಾಳು ಬಂದ ಫರ್ಹಾನಾಗೆ,
ತಲೆಗೆ ಎಣ್ಣೆ ಸುರಿಯುವುದು ಕಡಿಮೆ ಮಾಡು ಅಂದರೆ
ಅವಳ ಅಮ್ಮ ನನ್ನ ಮೇಲೆ ಮುನಿಸು.
ಪಾರ್ಸೆಲ್ ಹಂಚುವ ಹುಡುಗಿ, ಹೆಲ್ಮೆಟ್ ಪಟ್ಟಿ ಉಜ್ಜುವ ಜಾಗದಲ್ಲಷ್ಟೇ ಅವಳಿಗೆ.
ಪಟ್ಟಿ ಬಿಚ್ಚು ಅನ್ನಲಾಗುತ್ತದೆಯೇ ಸುಮನಹಳ್ಳಿ ಸೇತುವೆ ಮೇಲೆ?
ಒಗೆದಿಟ್ಟುಕೋ ಅಂದೆ.
ರಾತ್ರಿ ಪಾಳಿಯ ನಿದ್ದೆಗೆಟ್ಟ ಮುಖಕ್ಕೆ ಏನು ಹೇಳಲಿ, ಗೊತ್ತಿಲ್ಲ.
ಗೊತ್ತಿಲ್ಲ ಅನ್ನುವುದನ್ನೂ ಈಗ ಹೇಳುತ್ತೇನೆ,
ಬೌರಿಂಗ್‌ನ ಚೀಟಿ ಸಮಯ ಹೇಳುತ್ತೇನೆ.
ಎಂಬತ್ತು ರೂಪಾಯಿ ಕೆಲವೊಮ್ಮೆ ಕೈತಪ್ಪುತ್ತದೆ.

ರತ್ನಮಾಲ ಇವತ್ತು ಬಂದಿದ್ದಳು, ಹುಬ್ಬಿಗಷ್ಟೇ.
ಕೆಂಪು ಇಳಿದಿದೆ, ಕಂದು ಕಲೆ ಇನ್ನೂ ಇದೆ.
ನಿಶ್ಚಿತಾರ್ಥ ಏನಾಯಿತೆಂದು ಅವಳು ಹೇಳಲಿಲ್ಲ.
ಕುರ್ಚಿಗೆ ಒರಗಿ, ತಾನೇ ಎರಡು ಬೆರಳಲ್ಲಿ
ರೆಪ್ಪೆಯ ಚರ್ಮ ಬಿಗಿಹಿಡಿದು
ಕಣ್ಣು ಮುಚ್ಚಿದಳು.
ಅಷ್ಟರಲ್ಲಿ ಕರೆಂಟು ಹೋಗಿ ಗಿರಣಿ ನಿಂತಿತು.
ದಾರ ಹಲ್ಲಲ್ಲೇ ಇತ್ತು.
ಅವಳ ಉಸಿರು ನನ್ನ ಗುಳಿಗಳಿಗೆ ತಾಗುತ್ತಿತ್ತು.