ಹದಿಮೂರು ಗ್ರಾಮ್

ಹೆಸ್ಟರ್ ಟ್ರೆಂಚಾರ್ಡ್ ಗೇಟಿಗೆ ಕಟ್ಟಿದ ಹಗ್ಗ ಬಿಚ್ಚುತ್ತಾಳೆ.
ಮೂವತ್ತೊಂದು ವರ್ಷ ಈ ಸೀಮೆಗೆಲ್ಲ ಕಾಗದ ಹಂಚಿದವಳು;
ಈಗ ಮರಗಳಿಗೂ ಟಪಾಲು ಬಂದಿದೆಯೇನೋ ಎಂಬಂತೆ
ಒಂದೊಂದೇ ಪೆಟ್ಟಿಗೆಯ ಮುಂದೆ ನಿಲ್ಲುತ್ತಾಳೆ.
ಐವತ್ತು ಪೆಟ್ಟಿಗೆ. ಐವತ್ತಕ್ಕೂ ನಂಬರು.
ಬಾಯಿ ಮಾತ್ರ ಕಾಂಡದ ಕಡೆಗೆ,
ಮುನಿಸಿಕೊಂಡು ಗೋಡೆಗೆ ತಿರುಗಿ ಮಲಗಿದವರ ಹಾಗೆ.

ಡಾರ್ಸೆಟ್ಟಿನ ಅಕ್ಟೋಬರ್. ಮಳೆ ಆಗಲೇ ನಿಂತಿದೆ,
ಕಾಡಿಗಿನ್ನೂ ಸುದ್ದಿ ಮುಟ್ಟಿಲ್ಲ:
ಓಕಿನಿಂದ ಹೇಝಲ್ಲಿಗೆ, ಹೇಝಲ್ಲಿನಿಂದ ನನ್ನ ಕತ್ತಿಗೆ
ಹಳೆಯ ಹನಿಗಳು ಕಂತುಕಂತಾಗಿ ಇಳಿಯುತ್ತಿವೆ.

ಸದ್ದು ಮಾಡಬೇಡ ಅನ್ನುತ್ತಾಳೆ,
ತಾನು ಮಾತ್ರ ಮಾತಾಡುತ್ತಲೇ ಇರುತ್ತಾಳೆ:
ಈ ಬುಡ ನೋಡು, ನಮ್ಮಜ್ಜ ಕಡಿದದ್ದು.
ಕಡಿದಷ್ಟೂ ಚಿಗುರುವ ಜಾತಿ,
ಕಡಿಯುವವರು ಬರದೇ ಹೋದ ಮೇಲೇ ಮುಪ್ಪು ಬಂತು.
ಅದು ಆ್ಯಶ್. ಸೊಂಟದ ಮೇಲಿನ ಕಿತ್ತಳೆ ಚುಕ್ಕೆ
ಫೆಬ್ರವರಿಯ ಗರಗಸಕ್ಕೆ ಗುರುತು.
ದಿಬ್ಬದ ಕೆಳಗೆ ಬ್ಯಾಡ್ಜರುಗಳ ಬಿಲ;
ಹಳೇ ಹುಲ್ಲಿನ ಹಾಸಿಗೆಯನ್ನು ಹೊರಗೆಳೆದು ಹಾಕಿವೆ,
ಹಬ್ಬದ ಹಿಂದಿನ ದಿನದ ಮನೆಯಂತೆ.

ಒಂದನೇ ಪೆಟ್ಟಿಗೆಯಲ್ಲಿ ಚಿಪ್ಪಿಲ್ಲದ ಬಸವನಹುಳು.
ನಾಲ್ಕರಲ್ಲಿ ಯಾವುದೋ ಹಕ್ಕಿ ಬಿಟ್ಟುಹೋದ ಪಾಚಿಹಾಸು,
ಅದರ ನಡುವೆ ಒಡೆಯದೇ ಉಳಿದ ಒಂದು ಮೊಟ್ಟೆ.
ಹನ್ನೊಂದರಿಂದ ಕಾಡಿಲಿಯೊಂದು ಚಂಗನೆ ಜಿಗಿದು
ಅವಳ ತೋಳಿನುದ್ದಕ್ಕೂ ಓಡಿ
ಕಾಲರಿನ ಹತ್ತಿರ ಅರೆಗಳಿಗೆ ಯೋಚಿಸಿ
ಮಾಯ.
ಆಮೇಲೆ ಬರೀ ಸೊನ್ನೆ.
ಸೊನ್ನೆ, ಸೊನ್ನೆ, ಮತ್ತೆ ಸೊನ್ನೆ.
ಪೆನ್ಸಿಲ್ಲು ಸುತ್ತಿ ಸುತ್ತಿ ಅವಳ ಕಾಗದ
ಹನಿ ಬಿದ್ದ ಹೊಂಡದ ಹಾಗೆ ಕಾಣುತ್ತಿತ್ತು.

ಉರುಳಿದ ಬರ್ಚಿನ ಮೇಲೆ ಕೂತು ಫ್ಲಾಸ್ಕಿನ ಚಹಾ.
ಮೊದಲು ಹೀಗಿರಲಿಲ್ಲ ಎಂದು ಅವಳು ಹೇಳಲಿಲ್ಲ.
ತರಗೆಲೆ ಕೆದಕಿ ತೂತಾದ ಕಾಯೊಂದನ್ನು ಕೊಟ್ಟಳು:
ಬೆರಳಾಡಿಸು. ಅಂಚು ನುಣ್ಣಗಿದೆಯಲ್ಲ?
ಕಾಡಿಲಿಯದಾದರೆ ತರಿತರಿ.
ಇದು ಅದರದೇ ಹಲ್ಲು.

ನಲವತ್ತಮೂರು.
ತೂತಿಗೆ ಹಳದಿ ಬಟ್ಟೆ ತುರುಕಿ, ಮುಚ್ಚಳ ಸರಿಸಿ
ಉಸಿರು ಹಿಡಿದಳು.
ಹನಿಸಕಲ್ ಬಳ್ಳಿಯ ನಾರಿನಿಂದ ನೇಯ್ದ ಚೆಂಡು,
ಸುತ್ತ ಹಸಿರು ಇನ್ನೂ ಆರದ ಎಲೆ;
ಒಳಗೆ ಬೆಲ್ಲದ ಬಣ್ಣದ ಡಾರ್‌ಮೌಸ್,
ತನ್ನ ಬಾಲವನ್ನೇ ಮುಖದ ಮೇಲೆಳೆದುಕೊಂಡು.
ಒಂದು ಸಣ್ಣ ಕಿರ್ರ್.
ಎಣ್ಣೆ ಕಾಣದ ಬಾಗಿಲಿನಷ್ಟೇ ಸದ್ದು.
ಗೊರಕೆ!

ಅಂಗೈಗೆ ಇಟ್ಟಳು.
ಬೆಚ್ಚಗಿರುತ್ತದೆ ಅಂದುಕೊಂಡಿದ್ದೆ;
ಹೊಳೆಯಿಂದ ಆಗಷ್ಟೇ ಎತ್ತಿದ ಕಲ್ಲು.
ಜೀವ ಎಲ್ಲೋ ದೂರ, ಬಹಳ ಒಳಗಿನ ಕೋಣೆಯಲ್ಲಿ,
ದೀಪ ಸಣ್ಣದು ಮಾಡಿಕೊಂಡು ಕೂತಿದೆ.

ಪ್ಲಾಸ್ಟಿಕ್ ಚೀಲ, ಕೊಕ್ಕೆ, ಸ್ಪ್ರಿಂಗಿನ ತಕ್ಕಡಿ.
ಮುಳ್ಳು ತೂಗಾಡಿ ನಿಂತದ್ದು ಹದಿಮೂರಕ್ಕೆ.
ಹದಿನೈದಾದರೂ ಬೇಕಿತ್ತು,
ಅಂದಳು, ನನಗಲ್ಲ, ತಕ್ಕಡಿಗೆ.

ಎರಡು ಗ್ರಾಮ್ ಎಂದರೆ ಎಷ್ಟು?
ಜೇಬಿನಲ್ಲಿದ್ದ ಒಂದು ಪೆನ್ನಿ ಅದಕ್ಕಿಂತ ಭಾರ.
ಚಳಿಗಾಲ ದಾಟುವ ದೋಣಿಗೆ ಅಷ್ಟೇ ಕೊರತೆ,
ಆ ಸಾಲ ಕೊಡಲು ನನ್ನಿಂದಾಗದು.

ಮತ್ತೆ ಗೂಡಿಗೆ. ಮತ್ತೆ ಮುಚ್ಚಳ. ಹಳದಿ ಬಟ್ಟೆ ಹೊರಗೆ.
ಇದ್ದದ್ದನ್ನು ಇದ್ದಲ್ಲೇ ಬಿಡು ಎನ್ನುತ್ತದಂತೆ ನಿಯಮ.
ಮೂವತ್ತೊಂದು ವರ್ಷ ಒಂದು ಲಕೋಟೆಯನ್ನೂ ಒಡೆಯದವಳು
ನಾನು ಬೂಟಿನ ದಾರ ಕಟ್ಟಲು ಬಗ್ಗಿದಾಗ
ಕೋಟಿನ ಜೇಬಿನಿಂದ ಒಂದು ಹಿಡಿ ಕಾಯಿ ತೆಗೆದು
ಬುಡದ ಕವಲಿನಲ್ಲಿ ಸುರಿದಳು.
ನಾನು ನೋಡಲಿಲ್ಲವೆಂದು ಅವಳು ಅಂದುಕೊಂಡಳು.
ನಾನೂ ಹಾಗೇ ಅಂದುಕೊಂಡೆ.
ದಾರ ಕಟ್ಟಿಯೇ ಇತ್ತು.

ಉಳಿದ ಏಳೂ ಖಾಲಿ.
ಗೇಟಿನ ಹತ್ತಿರ ಜೇ ಹಕ್ಕಿಯೊಂದು ಓಕಿನ ಕಾಯನ್ನು
ಮಣ್ಣಿಗೆ ಒತ್ತಿ, ಎಲೆ ಮುಚ್ಚಿ,
ಮರೆಯಲು ಹಾರಿಹೋಯಿತು.
ಹಗ್ಗ ಬಿಗಿದು ಹೆಸ್ಟರ್ ಕಂಬದ ಮೇಲೆ ಪಟ್ಟಿ ಹರಡಿದಳು.
ಪೆಟ್ಟಿಗೆ, ಸಂಖ್ಯೆ, ತೂಕ.
ಕೊನೆಯ ಖಾನೆ ಷರಾ. ಐವತ್ತು ಸಾಲಿಗೂ ಖಾಲಿ.
ಪೆನ್ಸಿಲಿನ ತುದಿ ನಾಲಿಗೆಗೆ ಮುಟ್ಟಿಸಿ
ನಲವತ್ತಮೂರರ ಎದುರು ಬರೆದಳು:
ಗೊರಕೆ ಹೊಡೆಯುತ್ತಿದೆ.