ಒಂದು ಗೇಣು ಸೊಟ್ಟ

ಟೇಪಿನ ಆ ತುದಿ ಜೊಕಿಂ ಬಾಬನ ಕೈಯಲ್ಲಿ,
ಈ ತುದಿ ನನ್ನಲ್ಲಿ.
ನಡುವೆ ಹೊನ್ನಾವರ ಪೇಟೆಯ ಹಿಂದಿನ ಹಳೇ ಇಗರ್ಜಿ,
ಮಂಗಳವಾರದ ಹನ್ನೊಂದು ಗಂಟೆ,
ಬೆಂಚುಗಳ ಮೇಲೆ ಬಾವಲಿ ಹಿಕ್ಕೆ.

"ಹಿಡಿದೆಯಾ?" "ಹಿಡ್ದೆ, ಬಾಯಿ."
ಬರೆದುಕೊಂಡೆ: ಗೋಡೆ ದಪ್ಪ ನಾಲ್ಕು ಅಡಿ ಎರಡು ಇಂಚು.
ದೇವರಿಗೆ ಇಷ್ಟು ದಪ್ಪ ಗೋಡೆ ಯಾಕೆ ಎಂದರೆ
"ಮಳೆಗಲ್ಲ, ಫಿರಂಗಿಗೆ" ಎಂದ.
ಆಮೇಲೆ ತಡೆದು,
"ಯಾರ ಫಿರಂಗಿ ಅಂತ ಕೇಳಬೇಡ,
ಬಂದವರೆಲ್ಲರ ಹತ್ತಿರವೂ ಒಂದೊಂದಿತ್ತು."

ಕಲ್ಲು, ಚಿರೆಕಲ್ಲು.
ಅಗೆಯುವಾಗ ಬೆಣ್ಣೆ, ಗಾಳಿ ತಾಕಿದ ಮೇಲೆ ಹಟಮಾರಿ;
ನಮ್ಮ ಅಂಕೋಲೆಯ ಮನೆಯ ಪಾಗಾರವೂ ಇದೇ ಜಾತಿ.
ಸಂದಿನ ಗಾರೆಗೆ ಹೊಳೆಯ ಚಿಪ್ಪು ಸುಟ್ಟ ಸುಣ್ಣ,
ಬೆಲ್ಲದ ನೀರು, ಅಳಲೆಕಾಯಿಯ ಒಗರು.
ಉಗುರಲ್ಲಿ ಕೆರೆದು ನಾಲಗೆಗಿಟ್ಟೆ,
ಕಚೇರಿಯಲ್ಲಿ ಹೇಳುವ ಮಾತಲ್ಲ.
ಸಿಹಿ ಹೋಗಿದೆ. ಉಪ್ಪು ಉಳಿದಿದೆ.

ಗೋಪುರ ಒಂದೇ.
ಎರಡನೆಯದಕ್ಕೆ ಅಡಿಪಾಯ ಇದೆ, ಅದರ ಮೇಲೆ ಪಪ್ಪಾಯಿ ಗಿಡ.

ಬಲಿಪೀಠದ ಕೆಳಗಿನ ಮೆಟ್ಟಿಲು ಮಾತ್ರ ಬೇರೆ,
ಕರಿಕಲ್ಲು, ನುಣುಪು, ಅಂಚಿನಲ್ಲಿ ತಲೆಕೆಳಗಾದ ಬಳ್ಳಿ.
ಗೇರುಸೊಪ್ಪೆ ಹಾಳುಬಿದ್ದ ಮೇಲೆ ದೋಣಿಯಲ್ಲಿ ಇಳಿದು ಬಂತಂತೆ,
ಯಾವ ಬಸದಿಯದೋ, ಯಾವ ಸೆಟ್ಟಿಯ ಜಗಲಿಯದೋ,
ಮೆಣಸಿನ ಮೂಟೆ ಇಳಿಯುತ್ತಿದ್ದ ಅದೇ ಶರಾವತಿಯಲ್ಲಿ.
ಧರ್ಮ ಬದಲಾದದ್ದು ಬಳ್ಳಿಗೆ ತಿಳಿಯಲಿಲ್ಲ.
ಈಗಲೂ ಅದು ಕೆಳಮುಖವಾಗಿ ಹಬ್ಬುತ್ತಿದೆ
ಮಂಡಿಯೂರುವವರ ಮಂಡಿಯ ಅಡಿ.

ಕಟ್ಟಿದ್ದು ಒಮ್ಮೆಗೇ ಅಲ್ಲ.
ಮೊದಲು ಹುಲ್ಲಿನ ಮಾಡು, ಆಮೇಲೆ ಗೋಡೆ,
ಮತ್ತೆ ಗೋಡೆಯಿದ್ದೂ ಮಾಡಿಲ್ಲದ ಹದಿನೈದು ಮಳೆಗಾಲ.
ಜನವೇ ಇರಲಿಲ್ಲವಂತೆ,
ಘಟ್ಟದಾಚೆ ನಡೆಸಿಕೊಂಡು ಹೋಗಿದ್ದರಂತೆ.
ಅಷ್ಟು ವರ್ಷ ಇಲ್ಲಿ ಪ್ರಾರ್ಥನೆ ನಡೆಸಿದ್ದು
ಕಪ್ಪೆ, ಗೂಬೆ, ಸಂದಿಯಲ್ಲಿ ಬೇರು ಬಿಟ್ಟ ಅತ್ತಿಗಿಡ.
ಮರಳಿ ಬಂದ ಮನೆತನ ಎಷ್ಟೆಂದು ಜೊಕಿಂ ಬಾಬ
ಬೆರಳು ಮಡಿಸಿ ಎಣಿಸಿದ.
ಒಂದೇ ಕೈ ಸಾಕಾಯಿತು.

ಕಿಟಕಿಗೆ ಗಾಜಿಲ್ಲ,
ಬಿಳಿ ಚಿಪ್ಪನ್ನು ಚೌಕಕ್ಕೆ ತೇದು ಕೂರಿಸಿದ್ದಾರೆ.
ಬಿಸಿಲು ಒಳಗೆ ಬರುವ ಹೊತ್ತಿಗೆ ಗಂಜಿತಿಳಿಯ ಬಣ್ಣ.
ಒಂದು ಚೌಕ ಮಾತ್ರ ಪ್ಲಾಸ್ಟಿಕ್ಕು;
ಅಲ್ಲಿಂದ ಬೀಳುವ ಬೆಳಕಿಗೆ ಸಂತ ಸೆಬಾಸ್ತಿಯಾನನ ಮೊಣಕಾಲು
ಆಸ್ಪತ್ರೆಯಲ್ಲಿದ್ದ ಹಾಗೆ ಕಾಣುತ್ತದೆ.

ಮಧ್ಯಾಹ್ನ ಕಾಗದದ ಮೇಲೆ ಲೆಕ್ಕ ಕೂರಲಿಲ್ಲ.
ಬಾಗಿಲ ನಡುವಿಂದ ನೇರಕ್ಕೆ ದಾರ ಎಳೆದೆ,
ದಾರ ಪೀಠದ ನಡುವನ್ನು ತಪ್ಪಿಸಿಕೊಂಡು ಹೋಯಿತು.
ಇಡೀ ಹಜಾರ ತೆಂಕಕ್ಕೆ ಒಂದು ಗೇಣು ಸೊಟ್ಟ.

ಪಾದ್ರಿ ಅಂದರು, ಶಿಲುಬೆಯಲ್ಲಿ ಕ್ರಿಸ್ತ ತಲೆ ವಾಲಿಸಿದ ಬಗೆ ಇದು.
ಗಂಟೆ ಹೊಡೆಯುವ ಹುಡುಗ ಅಂದ, ರಾತ್ರಿ ಹೊಳೆ ಎಳೆಯುತ್ತದೆ.
ಹೂ ಬದಲಿಸಲು ಬಂದ ರೆಮೇದಿ ಬಾಯಿ ನಕ್ಕಳು:
"ಮೇಸ್ತ್ರಿ ಊಟಕ್ಕೆ ಹೋಗಿ ಕುಡಿದು ಬಂದಿರಬೇಕು."

ಜೊಕಿಂ ಬಾಬ ನನ್ನನ್ನು ಹೊರಗೆ ಕರೆದೊಯ್ದ.
ಬಡಗಣ ಗೋಡೆಯ ಬುಡದಲ್ಲಿ, ಮುಳ್ಳಿನ ಮರೆಗೆ, ಬಾವಿ.
"ಇದು ಮುಂಚಿನದು. ಕೇರಿಯೆಲ್ಲ ಕುಡೀತಿತ್ತು.
ಮುಚ್ಚಿ ನೇರ ಕಟ್ಟಬಹುದಿತ್ತು."
ಹೇಳಿ ಮೂಗೊರೆಸಿಕೊಂಡ, ಅಷ್ಟೇ.
ಕಲ್ಲೊಂದು ಹಾಕಿದೆ.
ತುಂಬ ಹೊತ್ತಾದ ಮೇಲೆ ಸದ್ದು.

ಕಚೇರಿಯ ಕಂಪ್ಯೂಟರು ಗೆರೆಯನ್ನು ತಾನೇ ನೇರ ಮಾಡುತ್ತದೆ.
ಮೂರು ಸಲ ಮಾಡಿತು, ಮೂರು ಸಲ ಅಳಿಸಿದೆ.
ಕಡೆಗೆ ಪೆನ್ಸಿಲ್ಲು ಹಿಡಿದು ಕೈಯಲ್ಲೇ ಬರೆದೆ,
ಬಾವಿಯ ಹತ್ತಿರ ಬಂದಾಗ ಕೈ ತಾನೇ ಸರಿಯಿತು.
ಸಾಹೇಬರು ಕೇಳುತ್ತಾರೆ, ಕೇಳಲಿ.
ಷರಾ ಎಂಬ ಕಾಲಮ್ಮಿನಲ್ಲಿ ಇಷ್ಟು ತುಂಬಿದ್ದೇನೆ:
ನೀರು ಇದೆ.